ಲ್ಯಾಬ್ ಇಲ್ಲದೆ ಹೃದ್ರೋಗದ ಜೀನ್ ಬಗ್ಗೆ ಪ್ರಾಜೆಕ್ಟ್ ಮಾಡಬಹುದಾ?

ಕಾಸರಗೋಡಿನ ಪೆರಿಯದಲ್ಲಿ ಎಂಎಸ್ಸಿ ಓದುತ್ತಿದ್ದೀರಿ, ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವ ಪರೀಕ್ಷೆ) ಮಾಡಿಸಲು ದುಡ್ಡಿಲ್ಲ, ಹೃದ್ರೋಗದ ಜೀನ್ ಮಾಹಿತಿ ಆನ್‌ಲೈನ್‌ನಲ್ಲಿ ಪುಕ್ಕಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಾನೂ ಬದಿಯಡ್ಕದ ಕಡೆಯವನು, ಇಂಥ ಮಾಹಿತಿಯ ಜೊತೆಗೇ ನನ್ನ ಕೆಲಸ. ಎದೆನೋವು ಬಂದರೆ ಮಂಗಳೂರಿಗೆ ಓಡುವ ಊರು ನಮ್ಮದು. ಇಂಥ ಊರಿನಿಂದ ಒಬ್ಬರು ಈ ವಿಷಯ ಹಿಡಿದದ್ದು ನನಗೆ ತುಂಬಾ ಖುಷಿ.

ಸುಮ್ನೆ ಹತ್ತು ಡೇಟಾಬೇಸ್‌ಗಳ ಹೆಸರು ಹೇಳಿದರೆ ನಿಮಗೆ ಉಪಯೋಗವಿಲ್ಲ. ಒಂದೇ ಒಂದು ಜೀನ್ ಬದಲಾವಣೆ ಆರಿಸಿಕೊಂಡು ಅದನ್ನೇ ಎಲ್ಲ ಕಡೆ ಹುಡುಕಿ. ನನ್ನ ಆಯ್ಕೆ ಎಂವೈಬಿಪಿಸಿ3. ಹೃದಯದ ಸ್ನಾಯು ಸರಿಯಾಗಿ ಬಡಿಯಲು ಬೇಕಾದ ಒಂದು ಪ್ರೋಟೀನ್ ಈ ಜೀನ್‌ನಿಂದ ಬರುತ್ತದೆ. ಇದರಲ್ಲಿ 25 ಬೇಸ್ (ಡಿಎನ್‌ಎಯ ಅಕ್ಷರಗಳು) ಬಿಟ್ಟುಹೋದ ಒಂದು ರೂಪವಿದೆ. ನಮ್ಮ ಉಪಖಂಡದಲ್ಲಿ ನೂರಕ್ಕೆ ಸುಮಾರು 4 ಜನರಲ್ಲಿ ಅದು ಕಾಣುತ್ತದೆ. ಯುರೋಪಿನವರಲ್ಲಿ ಇಲ್ಲವೆಂದೇ ಹೇಳಬಹುದು. 2009ರಲ್ಲಿ ನೇಚರ್ ಜೆನೆಟಿಕ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೂ ಹೃದಯ ಸ್ನಾಯುವಿನ ರೋಗಕ್ಕೂ ನಂಟಿದೆ ಎಂದಿತು.

ಮೊದಲು ಗ್ನೋಮ್ಯಾಡ್ ಎಂಬ ಜೀನ್ ಮಾಹಿತಿಯ ತಾಣ ತೆರೆಯಿರಿ. ಲಾಗಿನ್ ಬೇಡ. 4ನೇ ಆವೃತ್ತಿಯಲ್ಲಿ 8 ಲಕ್ಷಕ್ಕೂ ಜಾಸ್ತಿ ಜನರ ಮಾಹಿತಿ ಇದೆ. ಬದಲಾವಣೆ ಯಾವ ಜನರಲ್ಲಿ ಎಷ್ಟಿದೆ ಎಂದು ಅಲ್ಲಿ ಸಿಗುತ್ತದೆ. ಆದರೆ ಪಂಜಾಬಿ, ಬಂಗಾಳಿ, ತಮಿಳರೆಲ್ಲ ದಕ್ಷಿಣ ಏಷ್ಯಾ ಎಂಬ ಒಂದೇ ಸಾಲಿನಲ್ಲಿ. ನಮ್ಮಲ್ಲಿ ಸಮುದಾಯದ ಒಳಗೇ ಮದುವೆ ನಡೆದು ಬಂದಿರುವುದರಿಂದ ಪಕ್ಕದ ಮನೆಯವರ ಲೆಕ್ಕವೇ ಬೇರೆ ಇರಬಹುದು. ಈ ಮಾತು ನಿಮ್ಮ ವರದಿಯಲ್ಲಿ ಇರಲೇಬೇಕು.

ಆಮೇಲೆ ಕ್ಲಿನ್‌ವಾರ್ ಎಂಬ ತಾಣ. ಬದಲಾವಣೆ ರೋಗ ತರುತ್ತದೋ ಇಲ್ಲವೋ ಎಂಬ ಲ್ಯಾಬ್‌ಗಳ ತೀರ್ಮಾನ ಇಲ್ಲಿರುತ್ತದೆ. ತೀರ್ಮಾನ ಓದುವ ಮೊದಲು ನಕ್ಷತ್ರಗಳನ್ನು ನೋಡಿ. ಎಷ್ಟು ಪರಿಶೀಲನೆ ಆಗಿದೆ ಎಂದು ಅವು ಹೇಳುತ್ತವೆ. ಈ 25 ಬೇಸ್‌ಗಳ ವಿಷಯ ಇನ್ನೂ ಕುತೂಹಲದ್ದು. ಇದು ಇರುವ ಎಷ್ಟೋ ಜನ ಆರೋಗ್ಯವಾಗಿಯೇ ಇದ್ದಾರೆ. ಕೆಲವರಲ್ಲಿ ಇದರ ಜೊತೆಗೇ ಬರುವ ಬೇರೆ ಬದಲಾವಣೆಯೇ ಅಪಾಯಕ್ಕೆ ಕಾರಣ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಹಳೆಯ ತೀರ್ಮಾನ ಹೇಗೆ ಬದಲಾಯಿತು ಎಂದು ಹುಡುಕಿ ಬರೆದರೆ ಅದೇ ಒಳ್ಳೆಯ ಪ್ರಾಜೆಕ್ಟ್, ಅಲ್ವಾ?

ನಿಮಗೆ ಬೇಕಾದದ್ದು ರಕ್ತನಾಳ ಕಟ್ಟುವ ಹಾರ್ಟ್ ಅಟ್ಯಾಕ್ ಆದರೆ ಜಿವಾಸ್ ಕ್ಯಾಟಲಾಗ್‌ಗೆ ಹೋಗಿ. ಇಡೀ ಜೀನೋಮ್ (ಒಬ್ಬರ ಪೂರ್ತಿ ಡಿಎನ್‌ಎ) ಜಾಲಾಡಿ ರೋಗದ ನಂಟು ಹುಡುಕಿದ ಅಧ್ಯಯನಗಳ ಪಟ್ಟಿ ಅದು. 2007ರಲ್ಲಿ ಗೊತ್ತಾದ, 9ನೇ ಕ್ರೋಮೋಸೋಮ್‌ನ 9ಪಿ21 ಎಂಬ ಜಾಗದಿಂದ ಶುರುಮಾಡಿ. ಕಾರ್ಡಿಯೋಗ್ರಾಂಪ್ಲಸ್‌ಸಿ4ಡಿ ಎಂಬ ಹೃದ್ರೋಗ ಸಂಶೋಧಕರ ತಂಡದ ಒಟ್ಟು ಫಲಿತಾಂಶಗಳ ಫೈಲ್‌ಗಳೂ ಡೌನ್‌ಲೋಡ್‌ಗೆ ಸಿಗುತ್ತವೆ. ಒಂದು ಎಚ್ಚರ: ಹಳೆಯ ಫೈಲ್‌ಗಳು ಜಿಆರ್‌ಸಿಎಚ್37 ಎಂಬ ಮಾನವ ಜೀನೋಮ್‌ನ ಹಳೆಯ ನಕ್ಷೆಯಲ್ಲಿರುತ್ತವೆ, ಗ್ನೋಮ್ಯಾಡ್ 4 ಇರುವುದು 38ರಲ್ಲಿ. ಸ್ಥಾನದ ಸಂಖ್ಯೆ ಹೊಂದಿಸದೆ ಎರಡನ್ನು ಸೇರಿಸಿದರೆ ಇಡೀ ಲೆಕ್ಕ ತಪ್ಪುತ್ತದೆ.

ಭಾರತದ್ದೇ ಬೇಕೆಂದರೆ ಇಂಡಿಜೀನೋಮ್ಸ್ ತಾಣದಲ್ಲಿ 1029 ಜನರ ಮಾಹಿತಿ ನೇರವಾಗಿ ಹುಡುಕಬಹುದು. ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಜೀನೋಮ್ ಫರಿದಾಬಾದಿನ ಜೈವಿಕ ಮಾಹಿತಿ ಕೇಂದ್ರದಲ್ಲಿವೆ, ಅದಕ್ಕೆ ಅರ್ಜಿ ಹಾಕಬೇಕು. ಬ್ರಿಟನ್ನಿನ ಜನರ ಆರೋಗ್ಯ, ಜೀನ್ ಮಾಹಿತಿ ಇರುವ ಯುಕೆ ಬಯೋಬ್ಯಾಂಕ್‌ಗೆ ಅರ್ಜಿಯ ಜೊತೆ ಶುಲ್ಕವೂ ಇದೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಅದರ ಹಿಂದೆ ಹೋಗಬೇಡಿ.

ಸಣ್ಣ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದ ನಿಮ್ಮ ಸೋದರಮಾವನ ಬಗ್ಗೆಯೂ ಕೇಳಿದ್ದೀರಿ. ಈ ತಾಣಗಳಿಂದ ಮನೆಯವರ ರೋಗ ಕಂಡುಹಿಡಿಯಲು ಆಗುವುದಿಲ್ಲ, ದಯವಿಟ್ಟು ಪ್ರಯತ್ನಿಸಬೇಡಿ. ನೀವೂ ನಿಮ್ಮ ಒಡಹುಟ್ಟಿದವರೂ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳಿ. ಯಾರಿಗಾದರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 190 ಮಿಗ್ರಾಂ/ಡಿಎಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಂಶದಲ್ಲಿ ಬರುವ ತೊಂದರೆ ಇರಬಹುದು. ತಡಮಾಡದೆ ಹೃದ್ರೋಗ ತಜ್ಞರನ್ನು ನೋಡಿ, ಮಾವನ ವಿಷಯ ಅವರಿಗೆ ಮೊದಲೇ ಹೇಳಿ.