ಗೋಡೆ ಕೆತ್ತಿಸಬೇಡಿ, ಜೇಡರ ಬಲೆ ತೆಗೆಯಿರಿ

ಕುಂದಾಪುರದಿಂದ ಬರೆದ ಓದುಗರೇ,

ನಿಮ್ಮ ಪತ್ರ, ನಾಲ್ಕನೇ ಕ್ಲಾಸಿನ ಮಗಳು ತೆಗೆದ ಫೋಟೋ ಎರಡೂ ತಲುಪಿದವು. ಮಲಗುವ ಕೋಣೆಯ ಗೋಡೆಗೆ ಸೌತೆಬೀಜದಂಥವು ಅಂಟಿಕೊಂಡಿವೆ, ಎಷ್ಟು ಗುಡಿಸಿದರೂ ಮತ್ತೆ ಬರುತ್ತವೆ, ಸಿಮೆಂಟ್ ಕೊಳೆತು ಹುಳ ಹುಟ್ಟಿದೆ, ಪ್ಲಾಸ್ಟರ್ ಕೆತ್ತಿಸಿ ಎಂದು ಗಾರೆ ಕೆಲಸದವರು ಹೇಳಿದ್ದಾರೆ, ತೊಟ್ಟಿಲಲ್ಲಿ ಕೂಸು ಬೇರೆ ಇದೆ ಎಂದು ಬರೆದಿದ್ದೀರಿ.

ಗಾಬರಿ ಬೇಡ. ಅದು ಕಚ್ಚುವುದಿಲ್ಲ. ಸಿಮೆಂಟಿನಲ್ಲಿ ಹುಟ್ಟಿದ್ದೂ ಅಲ್ಲ. ಫೆರಿಯೀಕ ಎಂಬ ಪುಟ್ಟ ಪತಂಗದ ಮರಿಹುಳು ಅದು. ಗ್ರೀಕ್ ಮೂಲದ ಈ ಹೆಸರಿಗೆ ಮನೆ ಹೊತ್ತು ನಡೆಯುವುದು ಎಂದರ್ಥ.

ನಮ್ಮ ಕಚೇರಿ ಗೋಡೆಯ ಮೇಲಿದ್ದ ಒಂದನ್ನು ಭೂತಗನ್ನಡಿ ಹಿಡಿದು ನೋಡಿದೆ. ಚಪ್ಪಟೆ ಚೀಲ, ಹೆಚ್ಚೆಂದರೆ 14 ಮಿಲಿಮೀಟರ್ ಉದ್ದ. ಒಳಗೆ ನಯವಾದ ರೇಷ್ಮೆ, ಹೊರಗೆ ಮರಳು, ಸುಣ್ಣದ ಪುಡಿ, ಸತ್ತ ಹುಳುಗಳ ಚೂರು. ಒಂದು ತುದಿಯಿಂದ ಕಂದು ತಲೆ ಹೊರಬಂತು. ಕಾಲಲ್ಲಿ ಗೋಡೆ ಹಿಡಿದು ಚೀಲವನ್ನು ಎಳೆದುಕೊಂಡಿತು. ಕಡ್ಡಿ ಅಡ್ಡ ಹಿಡಿದೆ. ತಲೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ತಲೆ ಇನ್ನೊಂದು ತುದಿಯಿಂದ ಇಣುಕಿತು! ಚೀಲದ ನಡು ಅಗಲ ಇರುವುದು ಅದಕ್ಕೇ. ಒಳಗೆ ತಿರುಗಲು ಜಾಗ ಬೇಕಲ್ವಾ?

ಬೆಳೆದು ರೆಕ್ಕೆ ಬಂದ ಪತಂಗವನ್ನು ನೀವು ನೋಡಿದ್ದರೂ ಗುರುತಿಸಿರಲಿಕ್ಕಿಲ್ಲ. ಬೂದು ರೆಕ್ಕೆ, ಮೇಲೆ ಕೆಲವು ಕಪ್ಪು ಚುಕ್ಕೆ. ಹೆಣ್ಣು ರೆಕ್ಕೆ ಬಿಚ್ಚಿದರೆ ಸುಮಾರು 10ರಿಂದ 13 ಮಿಲಿಮೀಟರ್, ಗಂಡು ಇನ್ನೂ ಚಿಕ್ಕದು. ಅದು ಏನೂ ತಿನ್ನುವುದಿಲ್ಲ. ತಿನ್ನುವ ಕೆಲಸವೆಲ್ಲ ಮರಿಹುಳುವಿನದೇ.

ಈ ಕುಲದಲ್ಲಿ ಒಂದನ್ನೊಂದು ಹೋಲುವ ಜಾತಿಗಳಿವೆ. ಅಲುಟೆಲ್ಲಾ ಎಂಬುದಕ್ಕೆ 1892ರಲ್ಲಿ ಹೆಸರು ಬಿತ್ತು. ಅದು ಕ್ಯಾನರಿ ದ್ವೀಪಗಳಿಂದ ಭಾರತ, ಶ್ರೀಲಂಕಾದವರೆಗೂ ಇದೆ. ಯುಟೆರೆಲ್ಲಾ ಎಂಬ ಇನ್ನೊಂದು ಜಾತಿಯನ್ನು 1897ರಲ್ಲಿ ವಾಲ್ಸಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಕೀಟತಜ್ಞರು ವರ್ಣಿಸಿದರು. ಅಮೆರಿಕದ ಫ್ಲೋರಿಡಾದಲ್ಲೂ ಅದು ಮನೆ ಗೋಡೆಯ ಹುಳುವೇ. ಎಲ್ಲ ಕಡೆ ಬೇಕಾಗಿದ್ದು ಒಂದೇ, ಗಾಳಿಯಲ್ಲಿ ತೇವ. ನಿಮ್ಮ ಕರಾವಳಿಯಲ್ಲಿ ಅದಕ್ಕೇನು ಕಡಿಮೆ?

ಅದರ ಮುಖ್ಯ ಊಟ ಹಳೆಯ ಜೇಡರ ಬಲೆ. ಉದುರಿದ ಕೂದಲು, ಸತ್ತ ಹುಳುಗಳೂ ಆಗುತ್ತವೆ. ಹಾಗಾಗಿ ಚೀಲಗಳನ್ನಷ್ಟೇ ಗುಡಿಸಿದರೆ ಸಾಲದು. ಮಂಚದ ಹಿಂದೆ, ಕಪಾಟಿನ ಮೇಲೆ ಬಲೆ ತೆಗೆಯಿರಿ, ಕಿಟಕಿ ತೆರೆದು ಗಾಳಿ ಆಡಲು ಬಿಡಿ. ಕೂಸಿನ ಉಣ್ಣೆ ಟೋಪಿ, ಸ್ವೆಟರ್ ಮುಚ್ಚಳದ ಡಬ್ಬಿಯಲ್ಲಿಡಿ, ಉಣ್ಣೆಯನ್ನೂ ತಿನ್ನುತ್ತದೆ. ಪ್ಲಾಸ್ಟರ್ ಹಾಗೇ ಇರಲಿ.

ಗುಡಿಸುವ ಮೊದಲು ಒಂದನ್ನು ಮಗಳಿಗೆ ಉಳಿಸಿಕೊಡಿ. ಗಾಜಿನ ಬಾಟಲಿಗೆ ಹಾಕಿ, ಚೂರು ಜೇಡರ ಬಲೆಯನ್ನೂ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಚೀಲದ ತುದಿಯಲ್ಲಿ ಒಣ ಪೊರೆ ಅರ್ಧ ಹೊರಚಾಚಿದ್ದು ಕಂಡರೆ ಪತಂಗ ಹೊರಬಂದಿದೆ ಅಂತ. ಆಗ ಅವಳೇ ಒಂದು ಫೋಟೋ ತೆಗೆದು ಕಳಿಸಲಿ. ಅಚ್ಚು ಹಾಕುತ್ತೇವೆ.

– ಸಂಪಾದಕ