ತಲೆನೋವಿಗೆ ಎಷ್ಟು ಸುತ್ತಿಗೆ ಬೇಕು?

ಪ್ರಶ್ನೆ: ನನಗೆ ಹತ್ತು ವರ್ಷದಿಂದ ಅರೆತಲೆನೋವು. ಅದನ್ನೇ ಕವಿತೆ ಮಾಡಲು ಹೊರಟು ‘ತಲೆಯೊಳಗೆ ಸಾವಿರ ಸುತ್ತಿಗೆ, ನರನರದಲ್ಲೂ ಬೆಂಕಿಯ ಮಳೆ’ ಎಂದು ಬರೆದೆ. ಗೆಳತಿ ಓದಿ ‘ಪಾಪ’ ಅಂದಳು, ಅಷ್ಟೇ. ನೋವಿಗೆ ಮುಂಚೆ ನನ್ನ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು ಕುಣಿಯುತ್ತದೆ. ಆಮೇಲೆ ಇಂಗಿನ ವಾಸನೆ ತಡೆಯಲಾಗುವುದಿಲ್ಲ, ಪಕ್ಕದ ಮನೆ ಕುಕ್ಕರ್ ಕೂಗಿದರೆ ಕಣ್ಣಿಗೆ ಚುಚ್ಚಿದ ಹಾಗಾಗುತ್ತದೆ. ಇದನ್ನು ಕವಿತೆಗೆ ತರುವುದು ಹೇಗೆ? ನೋವಿಗೆ ಬಣ್ಣ, ರುಚಿ ಹಚ್ಚಿದರೆ ಕೃತಕ ಅನ್ನಿಸುವುದಿಲ್ಲವೆ? ‘ವೇದನೆ’ ಎಂಬ ಶೀರ್ಷಿಕೆ ಸರಿಯೆ?

ಉತ್ತರ: ನಿಮ್ಮ ಕವಿತೆಗಿಂತ ಪತ್ರವೇ ಚೆನ್ನಾಗಿದೆ. ಬೇಸರ ಮಾಡಿಕೊಳ್ಳಬೇಡಿ, ಬರೆಯುವವರಿಗೆಲ್ಲ ಆಗಾಗ ಹೀಗಾಗುತ್ತದೆ. ಕವಿತೆಗೆಂದು ಕೂತಾಗ ಬಂದ ಸುತ್ತಿಗೆ ಯಾರದೋ ಕಮ್ಮಾರಸಾಲೆಯದು. ಪತ್ರದಲ್ಲಿ ಕೂಗಿದ ಕುಕ್ಕರ್ ನಿಮ್ಮ ಪಕ್ಕದ ಮನೆಯದೇ.

ಸುತ್ತಿಗೆ ಸವೆದುಹೋಗಿದೆ ಎಂಬುದೊಂದೇ ತೊಂದರೆಯಲ್ಲ. ಅದು ನೋವು ಎಷ್ಟಿದೆ ಎನ್ನುತ್ತದೆ, ಹೇಗೆ ಬಂತು ಎನ್ನುವುದಿಲ್ಲ. ಒಂದು ಸಾಲದೆಂದು ಸಾವಿರ ಮಾಡಿದಿರಿ. ಗೆಳತಿಗೆ ಲೆಕ್ಕ ಸಿಕ್ಕಿತು, ತಲೆನೋವು ಸಿಗಲಿಲ್ಲ. ವೈದ್ಯರಿಗೂ ಬರಿಯ ಪ್ರಮಾಣ ಸಾಲದು. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿಯಲ್ಲಿ 78 ಪದಗಳಿವೆ, 20 ಗುಂಪುಗಳಲ್ಲಿ. ಮಿಡಿಯುವ, ಬಡಿಯುವ ನೋವು ಒಂದು ಗುಂಪಾದರೆ ಚುಚ್ಚುವ, ಕೊರೆಯುವ ನೋವು ಇನ್ನೊಂದು. ಹಿಂಡುವುದು ಬೇರೆ, ಜಗ್ಗುವುದು ಬೇರೆ, ಸುಡುವುದು ಬೇರೆ.

ನಮ್ಮ ಅಜ್ಜಿಯರಿಗೆ ಈ ಪಟ್ಟಿ ಬೇಕಿರಲಿಲ್ಲ. ಅವರ ಸೊಂಟ ಕಿತ್ತು ಬರುತ್ತಿತ್ತು, ಕಾಲು ಸೆಳೆಯುತ್ತಿತ್ತು, ಕೀಲು ಕಡಿಯುತ್ತಿತ್ತು, ಹಲ್ಲು ಚುಳ್ಳೆನ್ನುತ್ತಿತ್ತು, ತಲೆ ಸಿಡಿಯುತ್ತಿತ್ತು, ಇಲ್ಲವೇ ಧಿಂ ಅನ್ನುತ್ತಿತ್ತು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಸೊಂಟ ಚುಳ್ಳೆಂದರೆ ಅದು ಬೇರೆಯದೇ ಕಾಯಿಲೆ!

ಈ ಚುಳ್, ಜುಮ್, ಝಲ್, ಧಿಂಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ್ದೇವೆ. ಆದರೆ ಮೈ ಜುಮ್ಮೆಂದಾಗ ಯಾವ ಕಿವಿಗೂ ಏನೂ ಕೇಳಿಸುವುದಿಲ್ಲ. ಇಲ್ಲದ ಸದ್ದನ್ನು ಅನುಕರಿಸುತ್ತೇವೆ. ಮೇಲಾಗಿ ಅದರ ಬೆನ್ನಿಗೆ ‘ಎನ್ನು’ ಎಂಬ ಕ್ರಿಯಾಪದ. ಹಲ್ಲು ಚುಳ್ ‘ಎಂದಿತು’, ಎದೆ ಝಲ್ ‘ಎಂದಿತು’. ಕನ್ನಡದಲ್ಲಿ ಅಂಗಾಂಗಗಳು ಬಾಯಿಬಿಟ್ಟು ಹೇಳುತ್ತವೆ, ನೀವು ಕೇಳಿ ಬರೆದುಕೊಂಡರಾಯಿತು. ಜುಮ್ಮೆಂದಿತು ಎಂದರೆ ಒಮ್ಮೆ ಹಾದುಹೋಯಿತು. ಜುಮುಜುಮು ಎಂದರೆ ಇನ್ನೂ ನಡೆದಿದೆ. ಧಗ್ ಬೇರೆ, ಧಗಧಗ ಬೇರೆ. ಮಾತು ಇಮ್ಮಡಿಸಿದ ಕೂಡಲೇ ಅದರೊಳಗೆ ಕಾಲ ಸೇರಿಕೊಳ್ಳುತ್ತದೆ. ‘ಬೆಂಕಿಯ ಮಳೆ’ಯಲ್ಲಿ ಈ ಕಾಲವೇ ಇಲ್ಲ, ಅದು ಗೋಡೆಗೆ ನೇತುಹಾಕಿದ ಚಿತ್ರದಂತಿದೆ.

ಗೆಳತಿಯ ‘ಪಾಪ’ಕ್ಕೆ ಇನ್ನೊಂದು ಕಾರಣವಿದೆ. ನಾಟ್ಯಶಾಸ್ತ್ರದಲ್ಲಿ ಭರತ ಹೇಳುವ ಎಂಟು ಸಾತ್ವಿಕ ಭಾವಗಳನ್ನು, ಅಂದರೆ ಭಾವ ಉಕ್ಕಿದಾಗ ಮೈಯಲ್ಲಿ ತಾನಾಗಿ ಮೂಡುವ ಗುರುತುಗಳನ್ನು, ನೆನಪಿಸಿಕೊಳ್ಳಿ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಬೆವರು, ನಡುಕ, ಕಣ್ಣೀರು ಎಲ್ಲವೂ ಎದುರು ಕೂತವರಿಗೆ ಕಾಣುವಂಥವು, ಏಕೆಂದರೆ ಅದು ರಂಗಭೂಮಿಯ ಶಾಸ್ತ್ರ. ಕವಿತೆಯಲ್ಲಿ ನೀವು ಬೆವರಿನ ಹೊರಗೆ ನಿಂತರೆ ಓದುಗರೂ ಹೊರಗೇ ನಿಂತು ಮರುಗುತ್ತಾರೆ. ಹನ್ನೆರಡನೇ ಶತಮಾನದ ಅಕ್ಕ ಹಾಗೆ ನಿಲ್ಲಲಿಲ್ಲ. ನೊಂದವರ ನೋವು ನೋಯದವರಿಗೆ ತಿಳಿಯದು ಎಂದು ಹೇಳಿ, ಇರಿದ ಅಲಗು ಒಳಗೇ ಮುರಿದು ಹೊರಳುತ್ತಿರುವ ಸಂಕಟವನ್ನು ಮುಂದಿಟ್ಟಳು. ಅಲ್ಲಿ ಕೆಲಸ ಮಾಡುವುದು ‘ಇರಿ’ ಅಲ್ಲ, ಇರಿತ ಯಾರ ಕವಿತೆಯಲ್ಲಿಲ್ಲ? ‘ಮುರಿ’ ಎಂಬ ಮಾತು ನೋಡಿ. ಅಲಗು ಹೊರಗೆ ಬಂದಿಲ್ಲ, ಹೊರಳಿದಾಗಲೆಲ್ಲ ಮತ್ತೆ ಇರಿಯುತ್ತದೆ. ಒಂದು ಕ್ರಿಯಾಪದದಲ್ಲಿ ಇಡೀ ರಾತ್ರಿ ಇದೆ.

ಇನ್ನು ಬಣ್ಣ, ರುಚಿಯ ಮಾತು. ‘ಕೆಂಪು ನೋವು’, ‘ಕಹಿ ನೋವು’ ಎಂದು ಹೊರಗಿನಿಂದ ಬಳಿದರೆ ಖಂಡಿತ ಕೃತಕ. ಆದರೆ ಇಂದ್ರಿಯಗಳನ್ನು ಕಲಸುವ ಕೆಲಸವನ್ನು ದೇಹ ನಮಗಿಂತ ಮೊದಲೇ ಶುರುಮಾಡಿದೆ. ಮೆಣಸಿನಕಾಯಿ ಕಚ್ಚಿ ‘ಬಾಯಿ ಉರೀತಿದೆ’ ಅನ್ನುವುದು ಅಲಂಕಾರವಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆಯುವ ನರದ ಬಾಗಿಲನ್ನೇ ಮೆಣಸಿನ ಕ್ಯಾಪ್ಸೈಸಿನ್ ತಟ್ಟುತ್ತದೆ. ಅದನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಪೆಪ್ಪರ್‌ಮಿಂಟ್ ಚೀಪಿದಾಗ ಉಸಿರು ತಣ್ಣಗಾದಂತೆ ಅನ್ನಿಸುವುದೂ ಹೀಗೆಯೇ, ತಂಪನ್ನು ಅರಿಯುವ ಬೇರೊಂದು ಬಾಗಿಲಿನಿಂದ. ನಿಮ್ಮ ಅರೆತಲೆನೋವಿನಲ್ಲಂತೂ ಬೆಳಕು, ಸದ್ದು, ವಾಸನೆ ಮೂರೂ ಹಿಂಸೆಯೇ. ಕುಕ್ಕರ್‌ನ ಸೀಟಿ ಕಣ್ಣಿಗೆ ಚುಚ್ಚಿತು ಎಂದು ಬರೆದಿರಲ್ಲ, ಅದು ಕಲ್ಪನೆಯಲ್ಲ, ವರದಿ. ‘ಹಾಗಾಗುತ್ತದೆ’ ಎಂಬ ಸಂಕೋಚ ಬಿಡಿ.

ಗರಗಸದ ಬೆಳಕನ್ನು ಕವಿತೆಯಿಂದ ಯಾಕೆ ಕೈಬಿಟ್ಟಿರೋ ಗೊತ್ತಾಗಲಿಲ್ಲ. ವೈದ್ಯರು ‘ಆರಾ’ ಎನ್ನುವುದು ಇದನ್ನೇ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. (ಯಾರಿಗಾದರೂ ಮೊದಲ ಸಲ ಹೀಗಾದರೆ ಕವಿತೆಗೆ ಮುಂಚೆ ವೈದ್ಯರನ್ನು ನೋಡಲಿ.) ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ ತನಗೇ ಕಂಡ ಈ ಅಂಕುಡೊಂಕು ಹೇಗೆ ಹಿಗ್ಗುತ್ತದೆಂದು ಹಂತಹಂತವಾಗಿ ಚಿತ್ರ ಬರೆದು 1870ರಲ್ಲಿ ಪ್ರಕಟಿಸಿದ. ಅವರ ಕಡೆ ಅದನ್ನು ಕೋಟೆಗೋಡೆಗೆ ಹೋಲಿಸುವುದು ವಾಡಿಕೆ. ನಮ್ಮ ಇಳಕಲ್ ಸೀರೆಯ ಸೆರಗಿನಲ್ಲೂ ಕೋಟೆಗೋಡೆಯ ಹಲ್ಲಿನಂಥ ತೆನೆ ನೇಯುತ್ತಾರೆ. ನಿಮಗೆ ಕಂಡದ್ದು ಗರಗಸವಾದರೆ ಗರಗಸವೇ ಇರಲಿ, ಚಂದ ಕಾಣಲೆಂದು ಸೆರಗು ಮಾಡಬೇಡಿ. ಆದರೆ ಅದು ಹಿಗ್ಗಿದ ಕ್ರಮ ಬರೆಯಿರಿ. ಮೊದಲು ಪತ್ರಿಕೆಯ ಒಂದಕ್ಷರ ಮಾಯವಾಯಿತೆ? ಆಮೇಲೆ ಸಾಲು? ಕೊನೆಗೆ ಎದುರು ಕೂತವರ ಅರ್ಧ ಮುಖ?

ನಿಮ್ಮ ಪತ್ರದ ಸಾಮಾನನ್ನೇ ಹೀಗೆ ಜೋಡಿಸಿ ನೋಡಿದೆ:

ಕುಕ್ಕರ್ ಎರಡನೇ ಸಲ ಕೂಗಿತು
ನನ್ನ ಬಲಗಣ್ಣಿನ ಹಿಂದೆ.
ಇಂಗಿನ ಡಬ್ಬಿಯ ಮುಚ್ಚಳ
ಯಾರೂ ತೆಗೆದಿಲ್ಲ, ತೆಗೆದಿಲ್ಲ.

‘ನೋವು’ ಎಂಬ ಮಾತು ಬಂದಿಲ್ಲ, ಹೋಲಿಕೆಯೂ ಇಲ್ಲ. ಕೊನೆಯಲ್ಲಿ ‘ತೆಗೆದಿಲ್ಲ’ ಎರಡು ಸಲ ಬಂದದ್ದು ನರದ ಮಿಡಿತಕ್ಕೆ. ನಿಮ್ಮದು ಮಿಡಿಯುವ ಬದಲು ಒಂದೇ ಸಮನೆ ಹಿಂಡುವುದಾದರೆ ಎರಡನೆಯದನ್ನು ಹೊಡೆದುಹಾಕಿ, ಸಾಲು ಉದ್ದ ಮಾಡಿ.

ಶೀರ್ಷಿಕೆಗೆ ‘ವೇದನೆ’ ಬೇಡ. ‘ಎರಡನೇ ಸೀಟಿ’ ಅಂತ ಇಡಿ. ಮೂರನೆಯದು ಯಾವಾಗ ಕೂಗುತ್ತದೋ ಎಂದು ಗೆಳತಿಯೂ ಸ್ವಲ್ಪ ಕಾಯಲಿ.