ಪಕ್ಕದ ಮನೆಯವರಿಗೆ 5,000 ಬಂತು, ನಮಗೆ ಯಾಕೆ ಬರಲಿಲ್ಲ?

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ತಂದೆ ಆಟೋ ಓಡಿಸುತ್ತಾರೆ, ಪಕ್ಕದ ಮನೆಯವರೂ ಆಟೋ ಓಡಿಸುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಸರ್ಕಾರದ 5,000 ರೂಪಾಯಿ ಅವರಿಗೆ ಬಂತು, ನಿಮಗೆ ಬರಲಿಲ್ಲ. ಈಗ ಕಾಲೇಜಿನಲ್ಲಿ ಕೇಂದ್ರ ಸರ್ಕಾರದ 20 ಲಕ್ಷ ಕೋಟಿ ಪ್ಯಾಕೇಜ್ ಬಗ್ಗೆ ಪಾಠ ಬಂದಿದೆ. ಅಷ್ಟು ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದ್ದೀರಿ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಬೆಂಗಳೂರಿನ ಲಗ್ಗೆರೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ತುಂಬೋದು, ಇದೇ ಕೆಲಸ. ಆ ವರ್ಷ ಮೇ, ಜೂನ್‌ನಲ್ಲಿ ನೂರಾರು ಜನರ ಪರಿಹಾರದ ಅರ್ಜಿ ನನ್ನ ಕೈಯಿಂದಲೇ ಹೋದವು. ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಅನ್ನೋದನ್ನ ಕಣ್ಣಾರೆ ನೋಡಿದ್ದೇನೆ. ಯಾರ ಹೆಸರು ಮೊದಲೇ ಸರ್ಕಾರದ ಯಾವುದೋ ಒಂದು ಪಟ್ಟಿಯಲ್ಲಿ ಸರಿಯಾಗಿ ಕೂತಿತ್ತೋ ಅವರಿಗೆ ದುಡ್ಡು ಬಂತು. ಮನೆಯಲ್ಲಿ ಎಷ್ಟು ಕಷ್ಟ ಇತ್ತು ಅಂತ ಯಾರೂ ಅಳೆಯಲಿಲ್ಲ.

ನಿಮ್ಮ ತಂದೆಯ ವಿಷಯಕ್ಕೇ ಮೊದಲು ಬರುತ್ತೇನೆ. 2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಹೂವು ಬೆಳೆದು ಮಾರಲಾಗದೆ ನಷ್ಟವಾದ ರೈತರಿಗೆ ಹೆಕ್ಟೇರಿಗೆ 25,000. ಕ್ಷೌರಿಕರು, ಅಗಸರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000. ಆವತ್ತು ಹೇಳಿದ ಲೆಕ್ಕದಲ್ಲಿ ಚಾಲಕರೇ 7.75 ಲಕ್ಷ ಜನ. ಚಾಲಕರು ರಾಜ್ಯ ಸರ್ಕಾರದ ಸೇವಾ ಸಿಂಧು ಅನ್ನೋ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಲೈಸೆನ್ಸ್, ಆಧಾರ್, ಬ್ಯಾಂಕ್ ಖಾತೆ, ಗಾಡಿಯ ವಿವರ ಬೇಕು. ಕೇಳೋಕೆ ಸುಲಭ, ಅಲ್ವಾ?

ನನ್ನ ಅಂಗಡಿ ಮುಂದೆ ಖಾಕಿ ಅಂಗಿ ಹಾಕಿದವರು ಸಾಲಾಗಿ ನಿಂತಿರುತ್ತಿದ್ದರು. ನೆಲದ ಮೇಲೆ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿದ್ದೆ. ಒಬ್ಬೊಬ್ಬರ ಕಾಗದ ಬಿಚ್ಚಿದಾಗಲೂ ಒಂದೊಂದು ಸಮಸ್ಯೆ. ಲೈಸೆನ್ಸ್‌ನಲ್ಲಿ 'ನಾಗರಾಜ ಎಚ್.', ಆಧಾರ್‌ನಲ್ಲಿ 'ನಾಗರಾಜು', ಪಾಸ್‌ಬುಕ್‌ನಲ್ಲಿ 'ಎಚ್. ನಾಗರಾಜ್'. ಮನುಷ್ಯ ಒಬ್ಬನೇ, ಇಪ್ಪತ್ತು ವರ್ಷದಿಂದ ಇದೇ ರೋಡಲ್ಲಿ ಗಾಡಿ ಓಡಿಸುತ್ತಿದ್ದಾನೆ, ಎದುರಿಗೇ ನಿಂತಿದ್ದಾನೆ. ಕಂಪ್ಯೂಟರಿಗೆ ಮಾತ್ರ ಮೂವರು. ಕೆಲವರ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಯಾವಾಗಲೋ ಕಳೆದುಹೋಗಿತ್ತು, ಹಾಗಾಗಿ ಓಟಿಪಿ ಬರುತ್ತಿರಲಿಲ್ಲ. ನಂಬರ್ ಬದಲಾಯಿಸೋಣ ಅಂದರೆ ಆಧಾರ್ ಕೇಂದ್ರಗಳೇ ಮುಚ್ಚಿದ್ದವು.

ಇದಕ್ಕಿಂತ ಜಾಸ್ತಿ ಜನರಿಗೆ ತಿಳಿಯದ ತೊಡಕು ಇನ್ನೊಂದಿತ್ತು. ಆಧಾರ್ ನಂಬರ್ ಮೇಲೆ ದುಡ್ಡು ಹಾಕಿದಾಗ ಅದು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಕೊನೆಯದಾಗಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಸಿಮ್ ತಗೊಳ್ಳುವಾಗಲೋ, ಯಾರೋ ಬೀದಿಯಲ್ಲಿ ಕೊಡೆ ಹಾಕಿಕೊಂಡು ಕೂತು ಖಾತೆ ಮಾಡಿಸಿದಾಗಲೋ ಹೆಬ್ಬೆಟ್ಟು ಒತ್ತಿರುತ್ತೇವೆ. ಆಮೇಲೆ ಮರೆತೇಬಿಡುತ್ತೇವೆ. ಒಬ್ಬರು ಚಾಲಕರು ಮೂರು ತಿಂಗಳು ನನ್ನನ್ನು ಕೇಳುತ್ತಲೇ ಇದ್ದರು. ಕೊನೆಗೆ ನೋಡಿದರೆ ದುಡ್ಡು ಯಾವಾಗಲೋ ಬಂದು ಒಂದು ಹಳೇ ಖಾತೆಯಲ್ಲಿ ಕೂತಿತ್ತು. ಆ ಮೂರು ತಿಂಗಳಲ್ಲಿ ಅವರು ಹೆಂಡತಿಯ ಓಲೆ ಅಡ ಇಟ್ಟಿದ್ದರು.

2021ರ ಮೇ 19ರಂದು, ಎರಡನೇ ಅಲೆಯಲ್ಲಿ, ಮತ್ತೆ 1,250 ಕೋಟಿಯ ಪ್ಯಾಕೇಜ್ ಬಂತು. ಆಗ ಚಾಲಕರಿಗೆ ತಲಾ 3,000 ಅಂದರು. ಫಲಾನುಭವಿಗಳು ಎಷ್ಟು ಅಂತ ಹೇಳಿದರು ಗೊತ್ತಾ? 2.10 ಲಕ್ಷ. ಹಿಂದಿನ ವರ್ಷ ಘೋಷಣೆಯಲ್ಲಿ 7.75 ಲಕ್ಷ ಇದ್ದ ಚಾಲಕರು ಒಂದು ವರ್ಷದಲ್ಲಿ ಎಲ್ಲಿ ಹೋದರು? ಎಲ್ಲೂ ಹೋಗಿರಲಿಲ್ಲ, ಅದೇ ಸ್ಟ್ಯಾಂಡಿನಲ್ಲೇ ಇದ್ದರು. ನಿಮ್ಮ ತಂದೆ ಈ ಎರಡು ಅಂಕಿಗಳ ನಡುವೆ ಬಿಟ್ಟುಹೋದ ಲಕ್ಷಾಂತರ ಜನರಲ್ಲಿ ಒಬ್ಬರು ಅಂತ ನನಗನ್ನಿಸುತ್ತದೆ. ಅವರು ಏನೋ ತಪ್ಪು ಮಾಡಿದರು ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಕಟಿಂಗ್ ಶಾಪಿನವರ ಕಥೆ ಇನ್ನೂ ಕಷ್ಟದ್ದು. ನಮ್ಮ ರೋಡಿನ ತುದಿಯಲ್ಲಿ ಒಬ್ಬ ಅಣ್ಣ ಇದ್ದಾರೆ. ಸುಮಾರು ಎರಡು ತಿಂಗಳು ಶಟರ್ ಎತ್ತಲಿಲ್ಲ. ಅಂಗಡಿ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಚಾಲಕರಿಗಾದರೆ ಲೈಸೆನ್ಸ್ ಅನ್ನೋ ಒಂದು ಕಾಗದ ಇರುತ್ತದೆ. ಕ್ಷೌರ ಮಾಡುವವನು ಅಂತ ಹೇಳೋಕೆ ಯಾವ ಕಾಗದ ಇದೆ? ಇವರು ಈ ಕಸುಬು ಮಾಡುತ್ತಾರೆ ಅಂತ ಅಧಿಕಾರಿಯ ಪ್ರಮಾಣಪತ್ರ ತರಬೇಕಾಯಿತು. ಅಣ್ಣ ಒಂದು ಕಚೇರಿಗೆ ನಾಲ್ಕು ದಿನ ಅಲೆದರು. 'ಕೈಯಲ್ಲಿ ಕತ್ತರಿ ಹಿಡಿದು ತೋರಿಸಲಾ ಸರ್' ಅಂತ ಕೇಳಿದ್ದರಂತೆ. ಅದನ್ನು ನನಗೆ ಹೇಳುವಾಗ ಅವರ ಗಂಟಲು ಕಟ್ಟಿತ್ತು. ಅಂತೂ ಆಷಾಢ ಮುಗಿಯುವ ಹೊತ್ತಿಗೆ ದುಡ್ಡು ಬಂತು. ಅವರ ಜೊತೆ ಕೆಲಸಕ್ಕಿದ್ದ ರಾಯಚೂರು ಕಡೆಯ ಹುಡುಗನಿಗೆ ಏನೂ ಬರಲಿಲ್ಲ. ಮೇ ಮೊದಲ ವಾರ ಮೆಜೆಸ್ಟಿಕ್‌ನಿಂದ ಉಚಿತ ಬಸ್ ಬಿಟ್ಟಾಗಲೇ ಅವನು ಊರಿಗೆ ಹೋಗಿದ್ದ. ಅವನಿಗೆ ಪ್ರಮಾಣಪತ್ರ ಕೊಡುವವರು ಯಾರು? ಊರಲ್ಲಿ ನರೇಗಾ ಕೆಲಸ ಸಿಕ್ಕಿತು ಅಂತ ಆಮೇಲೆ ಫೋನ್ ಮಾಡಿದ. ಆ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 275 ರೂಪಾಯಿ. ಬೆಂಗಳೂರಲ್ಲೇ ಉಳಿದವರಿಗೆ ಅಂಥ ಯೋಜನೆಯೂ ಇರಲಿಲ್ಲ, ಯಾಕಂದರೆ ನರೇಗಾ ಇದ್ದದ್ದು ಹಳ್ಳಿಗೆ ಮಾತ್ರ.

ಈಗ ಕೇಂದ್ರದ ಪ್ಯಾಕೇಜ್. ಲಾಕ್‌ಡೌನ್ ಶುರುವಾದ ಮಾರನೇ ದಿನವೇ, 2020ರ ಮಾರ್ಚ್ 26ಕ್ಕೆ, 1.70 ಲಕ್ಷ ಕೋಟಿಯ ಗರೀಬ್ ಕಲ್ಯಾಣ್ ಪ್ಯಾಕೇಜ್ ಬಂತು. ಅದರಲ್ಲಿ ಮಹಿಳೆಯರ ಜನಧನ್ ಖಾತೆಗೆ ತಿಂಗಳಿಗೆ 500ರಂತೆ ಮೂರು ತಿಂಗಳು. ನಮ್ಮ ಏರಿಯಾದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಜಾಸ್ತಿ. 'ಅಣ್ಣಾ, ನನಗೂ 500 ಬಂದಿದೆಯಾ ನೋಡು' ಅಂತ ಪಾಸ್‌ಬುಕ್ ಹಿಡಿದು ಬರುತ್ತಿದ್ದರು. ನೋಡಿದರೆ ಅದು ಫ್ಯಾಕ್ಟರಿಯವರು ಮಾಡಿಸಿಕೊಟ್ಟ ಸಂಬಳದ ಖಾತೆ. ಜನಧನ್ ಅಲ್ಲ. ಫ್ಯಾಕ್ಟರಿ ಮುಚ್ಚಿದೆ, ಸಂಬಳ ಅರ್ಧ ಬಂದಿದೆ ಅಥವಾ ಬಂದೇ ಇಲ್ಲ. ಆದರೂ ಪಟ್ಟಿಯ ಪ್ರಕಾರ ಅವರು ಬಡವರಲ್ಲ.

ಅದೇ ಪ್ಯಾಕೇಜ್‌ನಲ್ಲಿ ಕಾರ್ಮಿಕರ ಪಿಎಫ್ ಪಾಲನ್ನೂ ಮಾಲೀಕರ ಪಾಲನ್ನೂ ಸರ್ಕಾರವೇ ಕಟ್ಟುತ್ತದೆ ಅಂತ ಇತ್ತು. ಎರಡೂ ಸೇರಿ ವೇತನದ ಶೇ 24. ಒಳ್ಳೆಯದೇ. ಆದರೆ 100 ಜನರವರೆಗೆ ಕೆಲಸಗಾರರಿರುವ, ಅವರಲ್ಲಿ ಶೇ 90 ಮಂದಿ 15,000ಕ್ಕಿಂತ ಕಡಿಮೆ ಸಂಬಳದವರಿರುವ ಕಡೆ ಮಾತ್ರ. ಪೀಣ್ಯ ಸುತ್ತಮುತ್ತ ಎಷ್ಟೋ ಗಾರ್ಮೆಂಟ್ಸ್‌ನಲ್ಲಿ ಒಂದೊಂದು ಫ್ಲೋರಿನಲ್ಲೇ ಅದಕ್ಕಿಂತ ಜಾಸ್ತಿ ಜನ ಕೂತು ಹೊಲಿಯುತ್ತಾರೆ. ಅವರಿಗೆಲ್ಲ ಉಳಿದದ್ದು ಒಂದೇ ದಾರಿ, ತಮ್ಮ ಪಿಎಫ್‌ನಿಂದ ದುಡ್ಡು ತೆಗೆಯೋದು. ಮೂರು ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ), ಇಲ್ಲವೇ ಖಾತೆಯಲ್ಲಿ ಇರೋದರ ಶೇ 75, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟು. ಆ ಅರ್ಜಿಗಳನ್ನೂ ನಾನೇ ಹಾಕಿದ್ದೇನೆ. ಒಬ್ಬ ಅಕ್ಕ ಮಗಳ ಮದುವೆಗೆ ಅಂತ ಮುಟ್ಟದೆ ಇಟ್ಟಿದ್ದ ದುಡ್ಡು ಅದು. ಸ್ವಂತ ಉಳಿತಾಯ ಒಡೆಯಲು ಅನುಮತಿ ಕೊಟ್ಟಿದ್ದನ್ನೂ ಪರಿಹಾರ ಅಂತ ಎಣಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

20 ಲಕ್ಷ ಕೋಟಿಯನ್ನು ಪ್ರಧಾನಿ ಹೇಳಿದ್ದು ಮೇ 12ಕ್ಕೆ. ಮುಂದಿನ ಐದು ದಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದನ್ನು ಬಿಡಿಸಿ ಹೇಳಿದರು. ಒಟ್ಟು 20,97,053 ಕೋಟಿ. ಅದರಲ್ಲಿ 8,01,603 ಕೋಟಿ ರಿಸರ್ವ್ ಬ್ಯಾಂಕ್ ಆಗಲೇ ತಗೊಂಡಿದ್ದ ಕ್ರಮಗಳು. ಅಂದರೆ ಬ್ಯಾಂಕುಗಳ ಕೈಯಲ್ಲಿ ಸಾಲ ಕೊಡಲು ದುಡ್ಡು ಓಡಾಡುವಂತೆ ಮಾಡಿದ್ದು. ಇನ್ನು 3 ಲಕ್ಷ ಕೋಟಿ ಸಣ್ಣ ಉದ್ಯಮಗಳಿಗೆ ಅಡಮಾನ ಇಲ್ಲದ ಸಾಲ. ಸಾಲ ಕೊಡೋದು ಬ್ಯಾಂಕು, ಸರ್ಕಾರದ್ದು ಗ್ಯಾರಂಟಿ ಮಾತ್ರ. ಆ ಗ್ಯಾರಂಟಿಯಿಂದ ಎಷ್ಟೋ ವರ್ಕ್‌ಶಾಪ್‌ಗಳು ಉಳಿದವು. ಪೀಣ್ಯದಲ್ಲಿ ಅಂಥವರನ್ನು ನಾನೇ ಬಲ್ಲೆ. ಆದರೆ ಅದು ಆಗಲೇ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ. ಅಲ್ಲೂ ಮತ್ತೆ ಪಟ್ಟಿಯೇ ನೋಡಿ. ಹಾಗಾಗಿ ನಿಮ್ಮ ಪಠ್ಯದಲ್ಲಿರುವ ದೊಡ್ಡ ಅಂಕಿ ಸುಳ್ಳಲ್ಲ, ಆದರೆ ಅದರಲ್ಲಿ ಬಹುಪಾಲು ಜನರ ಕೈಗೆ ಬರಬೇಕಾದ ದುಡ್ಡೇ ಆಗಿರಲಿಲ್ಲ.

ನಿಮ್ಮ ಆಟೋ ಮೇಲೆ ಸಾಲ ಇದ್ದಿದ್ದರೆ ಕಂತು ಮುಂದೂಡಿದ್ದು ನಿಮಗೂ ತಟ್ಟಿರಬಹುದು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಕಟ್ಟದೆ ಇರುವ ಅವಕಾಶ ಇತ್ತು. ತುಂಬಾ ಜನ ಅದನ್ನು ಮನ್ನಾ ಅಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು. ಬಡ್ಡಿ ಮೇಲಿನ ಬಡ್ಡಿಯನ್ನು ಮಾತ್ರ, 2 ಕೋಟಿವರೆಗಿನ ಸಾಲಗಳಿಗೆ, ಸರ್ಕಾರ ಆಮೇಲೆ ಭರಿಸಿತು.

ಒಂದು ಸಣ್ಣ ಯೋಜನೆಯನ್ನು ಮಾತ್ರ ನಾನು ಹೊಗಳುತ್ತೇನೆ. ಬೀದಿ ಬದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಕೊಟ್ಟ ಪಿಎಂ ಸ್ವನಿಧಿ. 2020ರ ಜೂನ್‌ನಲ್ಲಿ ಬಂತು. ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇ 7 ಸಹಾಯಧನ, ಮುಂದೆ ಇನ್ನೂ ದೊಡ್ಡ ಸಾಲ. ನಮ್ಮಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಅಮ್ಮ ಒಬ್ಬರಿದ್ದಾರೆ. ಬೆಳಿಗ್ಗೆ 900 ತಗೊಂಡು ಸಂಜೆ 1,000 ಕೊಡುವ ಮೀಟರ್ ಬಡ್ಡಿಯಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿದ್ದರು. 'ವ್ಯಾಪಾರವೇ ಇಲ್ಲ, ಸಾಲ ಯಾಕಪ್ಪ' ಅಂತ ಹಿಂಜರಿದರು. ನಾನೇ ಒತ್ತಾಯ ಮಾಡಿ ಅರ್ಜಿ ಹಾಕಿಸಿದೆ. ಆ ಸಾಲಕ್ಕಿಂತ ದೊಡ್ಡ ಉಪಕಾರ ಮಾರನೇ ವರ್ಷ ಆಯಿತು. 2021ರಲ್ಲಿ ಬೀದಿ ವ್ಯಾಪಾರಿಗಳಿಗೆ 2,000 ಪರಿಹಾರ ಅಂದಾಗ, ಅದು ಈ ಯೋಜನೆಯಲ್ಲಿ ನೋಂದಣಿ ಆದವರಿಗೆ ಅಂತ ಇತ್ತು. ಸಾಲ ಬೇಡ ಅಂದ ಮರ್ಯಾದಸ್ಥರು ಪರಿಹಾರವನ್ನೂ ಕಳೆದುಕೊಂಡರು. ಅಮ್ಮನ ಪಕ್ಕದಲ್ಲೇ ಕೊತ್ತಂಬರಿ ಮಾರುತ್ತಿದ್ದವರು ಅಂಥವರು. ಅವರ ಮುಖ ನೋಡಿ ಹೇಗೆ ಸಮಾಧಾನ ಹೇಳೋದು ಅಂತ ನನಗೆ ತಿಳಿಯಲಿಲ್ಲ.

ಅಕ್ಕಿಯ ಮಾತು ಹೇಳದಿದ್ದರೆ ಅನ್ಯಾಯ ಆಗುತ್ತದೆ. ದೇಶದಲ್ಲಿ ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲೆಗೆ 5 ಕೆಜಿ ಧಾನ್ಯ ಹೆಚ್ಚುವರಿಯಾಗಿ, ಪುಕ್ಕಟೆ. ಮೂರು ತಿಂಗಳು ಅಂತ ಶುರುವಾಗಿ ನಡುವೆ ಕೆಲವು ತಿಂಗಳು ನಿಂತು, ಮತ್ತೆ 2022ರ ಡಿಸೆಂಬರ್‌ವರೆಗೆ ನಡೆಯಿತು. ನಮ್ಮ ಏರಿಯಾದಲ್ಲಿ ಹಸಿವು ತಡೆದದ್ದು ಇದೇ. ಅರ್ಜಿ ಇಲ್ಲ, ಅಲೆದಾಟ ಇಲ್ಲ, ರೇಷನ್ ಕಾರ್ಡ್ ಇದ್ದರೆ ಸಾಕು. ಯಾಕೆ ಇಷ್ಟು ಸಲೀಸಾಯಿತು? ಸೊಸೈಟಿ ಅಂಗಡಿ, ಗೋದಾಮು, ಕಾರ್ಡ್, ಎಲ್ಲ ಹತ್ತಾರು ವರ್ಷದಿಂದ ಇದ್ದವು. ಆದರೆ ಕೇಂದ್ರದ ಕೋಟಾ ಲೆಕ್ಕ 2011ರ ಜನಗಣತಿಯದ್ದು. ಅದಾದ ಮೇಲೆ ಮದುವೆಯಾಗಿ ಬೇರೆ ಮನೆ ಮಾಡಿದವರು, ಹೊಸ ಕಾರ್ಡ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದವರು ಹೊರಗೇ ಉಳಿದರು. ಬಿಹಾರ, ಒಡಿಶಾದಿಂದ ಬಂದ ಕಟ್ಟಡ ಕೆಲಸದವರ ಕಾರ್ಡ್ ಊರಲ್ಲಿ, ಹೊಟ್ಟೆ ಇಲ್ಲಿ.

ಜಪಾನಿನಲ್ಲಿ ಆ ವರ್ಷ ಆದಾಯ ಕೇಳದೆ ತಲಾ 1 ಲಕ್ಷ ಯೆನ್ ಕೊಟ್ಟರು. ಅಷ್ಟು ಶಕ್ತಿ ನಮಗಿಲ್ಲ, ಗೊತ್ತು. ಆದರೆ ಕೇಳಿಕೊಂಡು ಬಂದವರಿಗೆ ಮೊದಲು ಕೊಟ್ಟು ಆಮೇಲೆ ಪರಿಶೀಲಿಸೋದು ನಮ್ಮಿಂದಲೂ ಆಗುತ್ತಿತ್ತು. ದುರುಪಯೋಗ ಆಗುತ್ತದೆ ಅಂತಾರೆ. ಮೇ ತಿಂಗಳ ಬಿಸಿಲಲ್ಲಿ, ರೋಗದ ಭಯದಲ್ಲಿ, 5,000ಕ್ಕೆ ಮೂರು ತಾಸು ನಿಂತವರನ್ನು ನಾನು ನೋಡಿದ್ದೇನೆ. ಅಗತ್ಯ ಇಲ್ಲದವರು ಹಾಗೆ ನಿಲ್ಲೋದಿಲ್ಲ. ಅಸಂಘಟಿತ ಕಾರ್ಮಿಕರಿಗಾಗಿ ದೇಶಕ್ಕೆಲ್ಲ ಒಂದೇ ನೋಂದಣಿ ಅಂತ ಇ-ಶ್ರಮ್ ಶುರುವಾಗಿದ್ದು 2021ರ ಆಗಸ್ಟ್‌ನಲ್ಲಿ. ಎರಡು ಅಲೆ ಮುಗಿದ ಮೇಲೆ.

ಈಗ ನಿಮಗೊಂದು ಕೆಲಸ ಹೇಳುತ್ತೇನೆ, ಇವತ್ತೇ ಮಾಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಮೈ ಆಧಾರ್ ವೆಬ್‌ಸೈಟ್‌ಗೆ ಹೋಗಿ ತಂದೆಯ ಆಧಾರ್ ನಂಬರ್ ಮತ್ತು ಓಟಿಪಿ ಹಾಕಿ. 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇರುತ್ತದೆ. ಅಲ್ಲಿ ಯಾವ ಬ್ಯಾಂಕಿನ ಹೆಸರು ಬರುತ್ತದೆ ನೋಡಿ. ನಿಮಗೆ ಗೊತ್ತೇ ಇಲ್ಲದ ಬ್ಯಾಂಕು ಬಂದರೆ ಅಲ್ಲಿಗೆ ಹೋಗಿ 2020ರಿಂದ ಈಚೆಗಿನ ಸ್ಟೇಟ್‌ಮೆಂಟ್ ಕೇಳಿ. ಸುಮ್ನೆ ಆಸೆ ಹುಟ್ಟಿಸುತ್ತಿಲ್ಲ, ಹಾಗೆ ಸಿಕ್ಕ ಉದಾಹರಣೆ ಮೇಲೆ ಹೇಳಿದ್ದೇನಲ್ಲ. ಓಟಿಪಿ ಬರದಿದ್ದರೆ ಮೊದಲು ಮೊಬೈಲ್ ನಂಬರ್ ಸರಿ ಮಾಡಿಸಿ. ಲೈಸೆನ್ಸ್‌ನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಅಮ್ಮನ ಆಧಾರ್ ಕೂಡ ಜೊತೆಗೇ ನೋಡಿಬಿಡಿ. ಏನಾಯಿತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.